ತೋಳದ ಮರಿಗಳಿಗಾಗಿ ಗಣಿಗಿಳಿದವರು

ಮೂವರೂ ಕಪ್ಪತಗುಡ್ಡದ ಬುಡ ಬಿಟ್ಟಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಹೋಗಬೇಕಾದದ್ದು ಗುಡ್ಡದ ಆಚೆ ಮೈಗೆ, ಯಾವ ಕಾಲದಲ್ಲೋ ಬಂಗಾರಕ್ಕಾಗಿ ತೋಡಿ ಹಾಗೇ ಬಿಟ್ಟುಹೋದ ಗಣಿಗುಂಡಿಗೆ. ಅದರೊಳಗೆ ತೋಳದ ಮರಿಗಳು ಬಿದ್ದಿದ್ದವು. ಅವನ್ನು ಮೇಲೆತ್ತಿ ತಾಯಿಗೆ ಒಪ್ಪಿಸಬೇಕು, ಅಷ್ಟೇ ಕೆಲಸ. ಅರಣ್ಯದ ಗಾರ್ಡ್ ಹನಮಂತ ಫೋನಿನಲ್ಲೇ ಹೂಂ ಅಂದಿದ್ದ.

ಮುಂದೆ ಕುರಿಗಾರ ಮಾಳಿಂಗರಾಯ. ಅವನ ಹಿಂದೆ ಮುಂಡರಗಿಯ ವಸೀಮ, ಬಾವಿ ತೋಡುವವನು, ಹೆಗಲ ಮೇಲೆ ಹಗ್ಗದ ಸುರುಳಿ. ಕೊನೆಗೆ ಬೆಟಗೇರಿಯ ನೇತ್ರಾ. ಪೇಟೆಯ ಜನರನ್ನು ಸಣ್ಣ ಗುಂಪು ಮಾಡಿ ಕರೆತಂದು, ಊರವರ ಮನೆಯಲ್ಲೇ ಉಣ್ಣಿಸಿ, ಊರವರ ಜೊತೆಗೇ ಗುಡ್ಡ ನಡೆಸುವ ಏರ್ಪಾಡು ಅವಳದು. ಹೋಟೆಲಿಲ್ಲ, ಜೀಪಿಲ್ಲ. ಬಂದ ಹಣವೆಲ್ಲ ರೊಟ್ಟಿ ಬಡಿದವರಿಗೆ, ದಾರಿ ತೋರಿಸಿದವರಿಗೆ. ಅದರ ದೆಸೆಯಿಂದ ಈ ಬೇಸಿಗೆಯಲ್ಲಿ ಊರಿನ ಎಷ್ಟೋ ಹೆಣ್ಣುಮಕ್ಕಳು ಕೂಲಿ ಹುಡುಕಿ ಗುಳೆ ಹೋಗಿರಲಿಲ್ಲ.

ಎಡವಟ್ಟಾದದ್ದೂ ಅಲ್ಲೇ. ಮಾಳಿಂಗರಾಯನ ಮನೆತನದಲ್ಲಿ, ಅಂಗಳದಲ್ಲಿ ಉಂಡವರಿಗೆ ಇಲ್ಲ ಅನ್ನುವ ರೂಢಿಯೇ ಇಲ್ಲ. ಮೊನ್ನೆ ಬಂದ ಪೇಟೆಯವರು ಉಂಡು ಕೈತೊಳೆದು, "ಕಾಕಾ, ತೋಳದ ಗವಿ ತೋರಿಸ್ರಿ" ಅಂದರು. ತೋರಿಸಿಬಿಟ್ಟ ಪುಣ್ಯಾತ್ಮ. ಅವರು ಗವಿಯ ಬಾಯಿಗೇ ಬಗ್ಗಿ ಫೋಟೋ ತೆಗೆದರು. ಬೆದರಿದ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗಿ ಗಣಿಯ ಅಂಚಿನಲ್ಲಿ ಇಟ್ಟಿತು. ಅಲ್ಲಿಯ ಸಡಿಲ ಮಣ್ಣು ಕುಸಿಯಿತು. ನಿನ್ನೆಯಿಂದ ಅದು ಗುಡ್ಡದ ಮೇಲೆ ಊಳಿಡುತ್ತಲೇ ಇತ್ತು. ಹುಡುಕಿಕೊಂಡು ಹೋದ ಮಾಳಿಂಗರಾಯನಿಗೆ ಗುಂಡಿಯೊಳಗಿನಿಂದ ಕುಂಯ್‌ಗುಟ್ಟುವ ಸದ್ದು ಕೇಳಿತ್ತು.

ಗುಡ್ಡದ ನೆತ್ತಿಗೆ ಬಂದಾಗ ಗಾಳಿ ಎದೆಗೇ ಗುದ್ದಿತು. ಸಾಲು ಹಿಡಿದು ನಿಂತ ಗಾಳಿಯಂತ್ರಗಳು ಗುಂಯ್ ಎಂದು ತಿರುಗುತ್ತಿದ್ದವು. ಕೆಳಗೆ ಶಿರಹಟ್ಟಿಯ ಕಡೆಗೆ ಕೆಂಪು ಹೊಲ, ಇತ್ತ ಮುಂಡರಗಿಯ ಕಡೆಗೆ ಬಿರುಕುಬಿಟ್ಟ ಎರೆಭೂಮಿ, ಅದರಾಚೆ ತುಂಗಭದ್ರೆಯ ತೆಳ್ಳನೆಯ ಹೊಳಪು. ಒಣಹುಲ್ಲಿನ ನಡುವೆ ತೋಳ ನಿಂತಿತ್ತು. ಇವರನ್ನು ಕಂಡು ಹಿಂದೆ ಸರಿಯಿತೇ ಹೊರತು ಓಡಲಿಲ್ಲ. ಪಕ್ಕೆಲುಬು ಎಣಿಸುವಷ್ಟು ಸೊರಗಿತ್ತು.

ಆಚೆ ಮೈಗೆ ಇಳಿದು ಗಣಿಯ ಬಾಯಿ ಮುಟ್ಟಿದ ಮೇಲೆ, ವಸೀಮ ಹಾರೆಯನ್ನು ಬಂಡೆಯ ಸಂದಿಗೆ ಬಡಿದು ಹಗ್ಗ ಬಿಗಿದ. ಉರಿವ ಕಂದೀಲನ್ನು ಗುಂಡಿಗೆ ಇಳಿಬಿಟ್ಟ. ದೀಪ ಆರಲಿಲ್ಲ.

"ಉಸರಾಡಾಕ ಗಾಳಿ ಐತಿ. ನಾ ಇಳೀತೀನಿ" ಅಂದ.

"ಬ್ಯಾಡ. ಮಂದಿನ್ನ ಗವಿಗೆ ಕರಕೊಂಡು ಹೋದಾಂವ ನಾ. ಇಳಿಯಾಂವನೂ ನಾನ."

ಮಾಳಿಂಗರಾಯ ನಡುವಿಗೆ ಹಗ್ಗ ಸುತ್ತಿ ಇಳಿದ. ಕಾಲಿಟ್ಟಲ್ಲೆಲ್ಲ ಕಲ್ಲು ಜಾರಿತು. ಹಗ್ಗ ಕಿರುಗುಟ್ಟಿತು.

ತಳದಲ್ಲಿ ಮೂರು ಮರಿಗಳಿದ್ದವು. ಎರಡು ತಣ್ಣಗಾಗಿದ್ದವು. ಒಂದು ಮಿಸುಕಿತು. ಅದನ್ನು ಅಂಗಿಯೊಳಗೆ ತುರುಕಿಕೊಂಡು ಹಗ್ಗ ಜಗ್ಗಿದ. ವಸೀಮ ಎಳೆದ, ನೇತ್ರಾ ಎಳೆದಳು. ಅಂಗೈಗಳು ಸುಲಿದವು. ಅಂತೂ ಮೇಲೆ ಬಂದ.

"ಬದುಕೇತಿ" ಅಂದಳು ನೇತ್ರಾ, ಮರಿಯನ್ನು ಹುಲ್ಲಿನ ಮೇಲೆ ಇಡುತ್ತ. "ಆತು ಕಾಕಾ, ನಡೀರಿ."

"ಇನ್ನೆರಡು ಅದಾವು, ತಣ್ಣಗಾಗ್ಯಾವು" ಅಂದ ಮಾಳಿಂಗರಾಯ.

"ಸತ್ತಾವಲ್ಲ. ಗ್ವಾಡಿ ಬಿರುಕು ಬಿಟ್ಟೈತಿ, ನೋಡ" ಅಂದ ವಸೀಮ. "ಮತ್ತ ಇಳಿದ್ರ ಮ್ಯಾಲ ಬರೂ ಖಾತ್ರಿ ಇಲ್ಲ."

ಮಾಳಿಂಗರಾಯ ಹಗ್ಗದ ಗಂಟು ಬಿಚ್ಚಲಿಲ್ಲ. "ಹಟ್ಟ್ಯಾಗ ಕುರಿಮರಿ ಸತ್ರ ನಾವು ಲಗೂನ ಹುಗಿಯೂದಿಲ್ಲ, ವಸೀಮ. ತಾಯಿ ಮುಂದ ಇಡ್ತೀವಿ. ಮೂಸಿ ನೋಡ್ತೈತಿ, ನೆಕ್ಕತೈತಿ, ಆಮ್ಯಾಲ ತಾನ ಎದ್ದು ಹೊಕ್ಕೈತಿ. ತೋರಿಸಲಿಲ್ಲಂದ್ರ ಹುಡುಕೂದು ಬಿಡೂದಿಲ್ಲ, ಒದರಿ ಒದರಿ ಸಾಯ್ತೈತಿ. ಇದೂ ತಾಯೀನ ಹೌದಲ್ಲ."

ನಡುವಿನ ಗಂಟನ್ನು ಮತ್ತೆ ಬಿಗಿಯುತ್ತ, "ನಂಗೂ ಫಕ್ಕೀರವ್ವನ ಮಾರಿ ತೋರಸಲಿಲ್ಲ" ಅಂದ.

ಫಕ್ಕೀರವ್ವ ಅವನ ಹೆಂಡತಿ. ಕೊರೋನಾ ವರ್ಷದಲ್ಲಿ ಹೋದಳು. ಸುತ್ತಿ ಕಟ್ಟಿದ್ದನ್ನು ದೂರದಿಂದ ನೋಡಿದ್ದಷ್ಟೇ. ಇಂದಿಗೂ ಅವನು ಬಾಗಿಲು ಸದ್ದಾದರೆ ತಿರುಗಿ ನೋಡುತ್ತಾನೆ. ವಸೀಮ ಹಗ್ಗ ಹಿಡಿದ.

ಎರಡನೆಯ ಸಲ ಗಣಿ ಸುಮ್ಮನಿರಲಿಲ್ಲ. ಮಾಳಿಂಗರಾಯ ಮರಿಗಳನ್ನು ಕಂಬಳಿಯ ತುಂಡಿನಲ್ಲಿ ಕಟ್ಟಿಕೊಂಡು ಅರ್ಧ ಏರುವಷ್ಟರಲ್ಲಿ ಗೋಡೆ ಬಾಯಿಬಿಟ್ಟಿತು. ಮಣ್ಣು ಸುರಿಯಿತು. ಕಲ್ಲೊಂದು ಹೆಗಲಿಗೆ ಅಪ್ಪಳಿಸಿತು. ಒಂದು ಕೈ ಸೋತಿತು.

"ಎಳಿಯವ್ವಾ, ಜಲ್ದಿ" ಅಂದ ವಸೀಮ.

ನೇತ್ರಾ ಬಂಡೆಗೆ ಕಾಲು ಕೊಟ್ಟು ಎಳೆದಳು. ಧೂಳಿನೊಳಗಿನಿಂದ ಮೊದಲು ಮರಿಗಳ ಗಂಟು ಬಂತು, ಆಮೇಲೆ ಮಾಳಿಂಗರಾಯ ಬಂದ.

ಸತ್ತ ಎರಡನ್ನೂ ಬದುಕಿದ ಒಂದನ್ನೂ ಬಯಲಲ್ಲಿಟ್ಟು, ಮೂವರೂ ದೂರದ ಬಂಡೆಯ ಮರೆಗೆ ಕೂತರು. ತೋಳ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಬಂತು. ಬದುಕಿದ್ದನ್ನು ಮೂಸಿತು. ಆಮೇಲೆ ಸತ್ತವುಗಳನ್ನು ಮೂತಿಯಿಂದ ನೂಕಿತು, ನೆಕ್ಕಿತು, ಮತ್ತೆ ನೂಕಿತು. ಎಷ್ಟೋ ಹೊತ್ತು ಅಲ್ಲೇ ಮಲಗಿತು. ನೇತ್ರಾಳ ಕಣ್ಣು ತುಂಬಿ ಏನೂ ಕಾಣದಾಯಿತು. ಕೊನೆಗೆ ತೋಳ ಎದ್ದು, ಬದುಕಿದ ಮರಿಯ ಕತ್ತು ಕಚ್ಚಿ, ಹುಲ್ಲಿನಲ್ಲಿ ಮರೆಯಾಯಿತು.

ಇಳಿಯುವಾಗ ನೇತ್ರಾಳ ಫೋನು ಬಡಿದುಕೊಂಡಿತು. ಬರುವ ವಾರದ ಗುಂಪಿನವರು. ತೋಳ ಕಾಣುತ್ತದೆಯೇ ಎಂದು ಕೇಳಿದರು. ಅವಳು ಫೋನನ್ನು ಮಾಳಿಂಗರಾಯನ ಕೈಗಿತ್ತಳು. ಅವನು ಅದನ್ನು ಕಿವಿಗೆ ಹಿಡಿದ.

"ಬರ್ರಿ, ಉಣ್ರಿ, ಗುಡ್ಡ ನಡೀರಿ. ತೋಳ ತೋರಸೂದಿಲ್ರಿ."

ಅತ್ತ ಕಡೆಯವರು ಹಾಗಾದರೆ ಬರುವುದಿಲ್ಲವೆಂದರು.

"ಹಿಂಗಂದ್ರ ಇನ್ನೂ ಕೆಲವ್ರು ಬರೂದು ತಪ್ಪತೈತಿ, ಕಾಕಾ" ಅಂದಳು ನೇತ್ರಾ.

"ತಪ್ಪಲಿ. ನಡ್ಯಾಕ ಬರವ್ರು ಬರ್ತಾರ. ಗಳಿಕಿ ಕಡಿಮಿ ಆಗ್ತೈತಂತ ರೊಟ್ಟಿ ಬಡಿಯವ್ರಿಗೆ ನಾನ ಹೇಳ್ತೀನಿ."

ಸಂಜೆ ಹೆಗಲಿಗೆ ಅರಿಶಿಣ ಮೆತ್ತಿಸಿಕೊಂಡು ಮಾಳಿಂಗರಾಯ ಕಟ್ಟೆಯ ಮೇಲೆ ಕೂತ. ಓಣಿಯ ಮಂದಿ ಗುಡ್ಡದ ಕಡೆ ಕಿವಿಗೊಟ್ಟರು. ಊಳಿಡುವ ಸದ್ದು ಬರಲಿಲ್ಲ. ಆ ಎರಡು ಇನ್ನಿಲ್ಲವೆಂದು ತಾಯಿಗೆ ತಿಳಿದಿತ್ತು.

ಫಕ್ಕೀರವ್ವ ಹೋದಾಗಿನಿಂದ ಒಂದು ಹನಿ ಕಣ್ಣೀರು ಹಾಕದ ಮನುಷ್ಯ, ಆಗ ಓಣಿಗೆಲ್ಲ ಕೇಳುವಂತೆ ಅತ್ತ. ಸುಮ್ಮನಿರು ಅಂತ ಯಾರೂ ಅನ್ನಲಿಲ್ಲ.