ಕತ್ತರಿ ಮೇಡಂ ಓದದ ಸಾಲುಗಳು

ಆ ಮಂಗಳವಾರ ಬೆಳಗ್ಗೆ ಅವಳು ಆಫೀಸಿನ ಮೆಟ್ಟಿಲು ಹತ್ತಿದ್ದೇ ಜಗಳಕ್ಕೆ. ಕೈಯಲ್ಲಿ ಸುರುಳಿ ಸುತ್ತಿದ ಪೇಪರು, ಮೂಗಿನ ತುದಿಯಲ್ಲಿ ಕೋಪ. ಲಿಫ್ಟಿಗೆ ಕಾಯುವಷ್ಟು ತಾಳ್ಮೆಯೂ ಇರಲಿಲ್ಲ.

ಆಫೀಸಿನವರೆಲ್ಲ ಅವಳನ್ನು ಕರೆಯುವುದು ಕತ್ತರಿ ಮೇಡಂ ಎಂದು. ಪತ್ರಿಕೆಯ ಉಪಸಂಪಾದಕಿ. ಮುಖ್ಯವಾದದ್ದು ಮೇಲಿರಬೇಕು, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಬೇಕು ಎಂಬುದು ಕೆಲಸಕ್ಕೆ ಸೇರಿದ ದಿನವೇ ಅವಳು ಕಲಿತ ಪಾಠ. ಹನ್ನೆರಡು ವರ್ಷಗಳಲ್ಲಿ ಕೈ ಎಷ್ಟು ಪಳಗಿತ್ತೆಂದರೆ, ಕೊನೆಯ ನಾಲ್ಕು ಸಾಲುಗಳನ್ನು ಓದುವ ಗೋಜಿಗೇ ಹೋಗದೆ ಹಾರಿಸಿಬಿಡುತ್ತಿದ್ದಳು.

ಎದುರು ಟೇಬಲ್ಲಿನಲ್ಲಿ ಅವನು ಕೂತಿದ್ದ. ಚೀನೀ ಭಾಷೆಯಿಂದ ಅನುವಾದ ಮಾಡುವವನು, ಎಲ್ಲರ ಬಾಯಲ್ಲಿ ಡಿಕ್ಷನರಿ. ಒಂದು ಪದಕ್ಕೆ ಅರ್ಥ ಕೇಳಿದರೆ ಆರು ಹೇಳುವ ಮನುಷ್ಯ, ತನ್ನ ವಿಷಯಕ್ಕೆ ಬಂದರೆ ಒಂದೂ ಹೇಳುವುದಿಲ್ಲ. ಟೀ ಲೋಟ ಇಟ್ಟ ಜಾಗದ ತೇವದಲ್ಲಿ ಬೆರಳಾಡಿಸಿ ಟೇಬಲ್ಲಿನ ಮೇಲೆ ಚೀನೀ ಅಕ್ಷರ ಬರೆಯುವುದು ಅವನ ಅಭ್ಯಾಸ. ಆ ಅಕ್ಷರ ಒಣಗಿ ಹೋಗುವುದನ್ನು ಅವಳು ಎಷ್ಟೋ ಸಲ ಕದ್ದು ನೋಡಿದ್ದಾಳೆ. ನೋಡಿದ್ದನ್ನು ಒಪ್ಪಿಕೊಳ್ಳುವ ಹೆಂಗಸಲ್ಲ, ಅದು ಬೇರೆ ಮಾತು.

"ಏನ್ರೀ ಇದು?" ಎಂದು ಪೇಪರನ್ನು ಅವನ ಮುಂದೆ ಬಡಿದಳು.

ಅವನು ಹಣೆಯ ಮೇಲೇರಿಸಿದ್ದ ಕನ್ನಡಕವನ್ನು ಟೇಬಲ್ಲಿನ ಮೇಲೆ ಹುಡುಕಿದ. ಬೇರೆ ದಿನವಾಗಿದ್ದರೆ ಅವಳು ನಗು ತಡೆಯಲು ಒದ್ದಾಡಬೇಕಾಗುತ್ತಿತ್ತು.

"ಹಣೆ ಮೇಲಿದೆ. ಹಾಕ್ಕೊಂಡು ಓದಿ."

ಅದು ಪ್ರತಿ ಮಂಗಳವಾರ ಬರುವ ಪುರವಣಿಯ ಅರ್ಧ ಪುಟ. ಆರು ತಿಂಗಳ ಹಿಂದೆ ಪತ್ರಿಕೆಯ ಸ್ಥಿತಿ ನೆಟ್ಟಗಿಲ್ಲದಾಗ ಚೀನಾದ ಒಂದು ಸರ್ಕಾರಿ ಸುದ್ದಿಸಂಸ್ಥೆಯ ಜೊತೆ ಸಂಪಾದಕರು ಒಪ್ಪಂದ ಮಾಡಿಕೊಂಡಿದ್ದರು. ಬರಹ ಅವರದು, ಅನುವಾದಕನ ಸಂಬಳವೂ ಅವರದು. ಜಾಗ ಮಾತ್ರ ಪತ್ರಿಕೆಯದು. ಈ ವಾರದ ಬರಹ ಊರಿನ ಬಂದರಿನ ಬಗ್ಗೆ. ಹೊಸ ಹಡಗುಕಟ್ಟೆ ಕಟ್ಟುತ್ತಿರುವ ಚೀನೀ ಕಂಪನಿಯನ್ನು ಕಾರ್ಮಿಕರೆಲ್ಲ ಕೊಂಡಾಡುತ್ತಿದ್ದಾರೆ ಎಂದು ಅದರಲ್ಲಿತ್ತು.

"ನಮ್ಮ ಚಿಕ್ಕಪ್ಪ ಆ ಬಂದರಲ್ಲೇ ಕ್ರೇನ್ ಓಡಿಸೋರು. ಆ ಕಂಪನಿಯೋರು ಕೆಲಸದಿಂದ ತೆಗೆದು ಮೂರು ವಾರದಿಂದ ಗೇಟಿನ ಹೊರಗೆ ಕೂರಿಸಿದ್ದಾರೆ, ಅವರ ಜೊತೆ ಎಂಬತ್ತು ಜನ. ಬೆಳಗ್ಗೆ ಮನೆಗೆ ಬಂದು ಈ ಪೇಪರು ನನ್ನ ಮುಂದೆ ಇಟ್ರು. 'ನಿಮ್ಮೋರು ಯಾರಮ್ಮ ಬಂದು ನಮ್ಮನ್ನ ಕೇಳಿದ್ದು?' ಅಂದ್ರು. ನಮ್ಮಪ್ಪ ತಲೆನೇ ಎತ್ತಲಿಲ್ಲ. ಮೂವತ್ತು ವರ್ಷದಿಂದ ಈ ಪತ್ರಿಕೆ ಓದೋರು ಅವರು! ಇದು ಚೀನಾದೋರ ಬರಹ ಅಂತ ಒಂದು ಸಾಲು ಹಾಕೋಕೆ ನಿಮಗೇನು ಕಷ್ಟ ಆಗಿತ್ತು? ಸಂಬಳಕ್ಕೆ ನಿಮ್ಮನ್ನೇ ಮಾರಿಕೊಂಡ್ರಾ?"

ಅವನ ಮುಖ ಕಪ್ಪಿಟ್ಟಿತು. ಆದರೂ ದನಿ ಏರಲಿಲ್ಲ.

"ಹಾಕಿದೀನಿ ಮೇಡಂ. ಪ್ರತಿ ವಾರ ಹಾಕಿದೀನಿ."

"ಎಲ್ಲಿ?"

"ಕೊನೇ ಸಾಲಲ್ಲಿ. ಸುದ್ದಿಸಂಸ್ಥೆ ಹೆಸರು ಅಲ್ಲೇ ಇರಲಿ ಅಂತ ಸಂಪಾದಕರು ಹೇಳಿದ್ರು."

ಅವಳು ತನ್ನ ಟೇಬಲ್ಲಿಗೆ ಹೋದಳು. ಕುರ್ಚಿ ಎಳೆದುಕೊಂಡು ಕಂಪ್ಯೂಟರಿನಲ್ಲಿ ಹಳೆಯ ಪ್ರತಿಗಳನ್ನು ತೆರೆದಳು. ಅವನು ಕಳಿಸಿದ ಮೂಲ ಒಂದು ಕಡೆ, ಅವಳು ಕತ್ತರಿಸಿದ ಮೇಲೆ ಉಳಿದದ್ದು ಇನ್ನೊಂದು ಕಡೆ. ಇಪ್ಪತ್ತಾರು ವಾರ. ಇಪ್ಪತ್ತಾರರಲ್ಲೂ ಸುದ್ದಿಸಂಸ್ಥೆಯ ಹೆಸರಿತ್ತು. ಇಪ್ಪತ್ತಾರರಲ್ಲೂ ಅದನ್ನು ಹಾರಿಸಿದ್ದು ಅವಳದೇ ಕೈ.

ಹೆಸರಿನ ಕೆಳಗೂ ಏನೋ ಇತ್ತು.

"ಮೇಡಂ, ಅದನ್ನ ಓದಬೇಡಿ," ಎಂದು ಅವನು ಎದ್ದು ನಿಂತ.

"ಕೂತ್ಕೊಳ್ಳಿ," ಎಂದಳು. ಅವನು ಕೂತ.

ಮೊದಲ ವಾರ: 'ಡೆಸ್ಕಿನ ಗಮನಕ್ಕೆ. ಇದು ಅವರ ಸರ್ಕಾರದ ಮಾತು. ಮೂಲದ ಹೆಸರು ತಪ್ಪದೆ ಹಾಕಿ.'

ನಾಲ್ಕನೆಯ ವಾರ: 'ಗಮನಕ್ಕೆ. ಇಲ್ಲಿನ ಚೀನೀ ಕಂಪನಿಗಳ ಈ ಹೊಗಳಿಕೆಯಲ್ಲಿ ಒಬ್ಬ ಕಾರ್ಮಿಕನ ಹೆಸರೂ ಇಲ್ಲ. ನಮ್ಮ ವರದಿಗಾರರು ಹೋಗಿ ವಿಚಾರಿಸಿದರೆ ಒಳ್ಳೆಯದು.'

ಎಂಟನೆಯ ವಾರ: 'ಇದನ್ನು ಯಾರಾದರೂ ಓದುತ್ತಿದ್ದೀರಾ?'

ಹತ್ತನೆಯದಕ್ಕೆ ಬರುವ ಹೊತ್ತಿಗೆ ಅವನು ಕಿಟಕಿಯ ಕಡೆ ಮುಖ ಮಾಡಿದ್ದ. ಕಿವಿಗಳು ಮಾತ್ರ ಕೆಂಪಗೆ ಕಾಣುತ್ತಿದ್ದವು.

'ಮೇಡಂ, ನೀವು ಕೊನೆಯವರೆಗೆ ಓದುವುದಿಲ್ಲ ಎಂದು ಖಾತ್ರಿಯಾಯಿತು. ಆ ಧೈರ್ಯದಿಂದ ಬರೆಯುತ್ತಿದ್ದೇನೆ. ಸಿಟ್ಟು ಬಂದಾಗ ನೀವು ಪೆನ್ನಿನ ಕ್ಯಾಪ್ ಕಚ್ಚುತ್ತೀರಿ. ನೋಡಲು ಚೆನ್ನಾಗಿರುತ್ತದೆ.'

ಅವಳು ಬಾಯಲ್ಲಿದ್ದ ಕ್ಯಾಪನ್ನು ಮೆಲ್ಲಗೆ ತೆಗೆದು ಟೇಬಲ್ಲಿನ ಮೇಲಿಟ್ಟಳು.

ಹದಿನಾಲ್ಕನೆಯ ವಾರ: 'ಇವತ್ತು ಸಂಜೆ ಟೀ ಕುಡಿಯೋಣವೇ? ಉತ್ತರ ಬರುವುದಿಲ್ಲ ಎಂದು ಗೊತ್ತು.'

ಹತ್ತೊಂಬತ್ತು: 'ಜ್ವರ ಅಂತ ನಾಲ್ಕು ದಿನ ರಜೆ ಹಾಕಿದ್ದಿರಿ. ಆ ನಾಲ್ಕು ದಿನ ನನಗೆ ಯಾವ ಪದಕ್ಕೂ ನೆಟ್ಟಗೆ ಅರ್ಥ ಹೊಳೆಯಲಿಲ್ಲ.'

ಈ ವಾರದ್ದು, ಬಂದರಿನ ಬರಹದ ಕೆಳಗೆ: 'ಇದು ನಿಜವಲ್ಲ ಎಂದು ನನ್ನ ಮನಸ್ಸು ಹೇಳುತ್ತಿದೆ. ಬಾಯಿಬಿಟ್ಟರೆ ಪುರವಣಿ ನಿಲ್ಲುತ್ತದೆ, ನಿಮ್ಮ ಎದುರಿನ ಕುರ್ಚಿ ಹೋಗುತ್ತದೆ. ಇಷ್ಟು ಪುಕ್ಕಲನಿಗೆ ನಿಮ್ಮನ್ನು ಇಷ್ಟಪಡುವ ಯೋಗ್ಯತೆ ಇಲ್ಲ.'

ಅವಳ ಕಣ್ಣು ಮಂಜಾಯಿತು. ಸಂತೋಷವೋ, ನಾಚಿಕೆಯೋ, ಕೋಪವೋ? ಮೂರೂ ಒಟ್ಟಿಗೇ ನುಗ್ಗಿದ್ದವು, ಪಾಪ. ಮೂರು ತಿಂಗಳಿಂದ ಒಬ್ಬ ಗಂಡಸು ತನ್ನನ್ನು ಟೀಗೆ ಕರೆಯುತ್ತಿದ್ದಾನೆ, ತಾನು ಬರೀ ಕತ್ತರಿಸುತ್ತಿದ್ದೇನೆ!

"ನನ್ನ ತಪ್ಪು ದೊಡ್ಡದು. ಓದದೆ ಕತ್ತರಿಸಿದೆ," ಎಂದಳು. "ನಿಮ್ಮದೇನು ಕಮ್ಮಿ ಇಲ್ಲ. ನಾನು ಓದಲ್ಲ ಅಂತ ಗೊತ್ತಿದ್ದೂ ಅಲ್ಲೇ ಬರೀತಾ ಕೂತ್ರಿ. ಮೂರು ಹೆಜ್ಜೆ ದೂರದಲ್ಲಿದ್ದೆ ನಾನು. ಬಾಯಲ್ಲಿ ಹೇಳೋಕೆ ಆಗ್ತಿರ್ಲಿಲ್ವಾ?"

"ಹೆದರಿಕೆ."

"ಯಾವುದನ್ನ ಹೇಳೋಕೆ? ಸುದ್ದೀನಾ, ಟೀನಾ?"

"ಎರಡನ್ನೂ."

ಅವನು ಕನ್ನಡಕ ತೆಗೆದು ಅಂಗಿಯಂಚಿಗೆ ಒರೆಸಿದ. ಆಮೇಲೆ ಅವನೇ ಶುರು ಮಾಡಿದ. "ಚೀನೀ ಭಾಷೆ ಅಂದ್ರೆ ನನಗೆ ಪ್ರಾಣ, ಮೇಡಂ. ಚೀನಾದಲ್ಲಿ ನನಗೆ ಕಲಿಸಿದ ಟೀಚರ್ ಒಬ್ರು ಇದ್ರು, ವಯಸ್ಸಾದ ಹೆಂಗಸು. ನನಗೆ ಜ್ವರ ಬಂದಾಗ ದಿನಾ ಗಂಜಿ ಮಾಡಿ ತಂದುಕೊಟ್ಟೋರು. ಈ ಬರಹ ತೋರಿಸಿದ್ರೆ ಅವರೇ ನಕ್ಕುಬಿಡ್ತಾರೆ. ಒಂದು ಸರ್ಕಾರದ ಮಾತು ಬೇರೆ, ಅಲ್ಲಿನ ಜನರ ಮಾತು ಬೇರೆ. ಅದನ್ನ ಬಿಡಿಸಿ ಹೇಳಬೇಕಾದೋನು ನಾನು. ಸುಮ್ಮನಿದ್ದುಬಿಟ್ಟೆ."

"ಈಗ ಹೇಳಿ. ಮುಂದಿನ ಮಂಗಳವಾರ ತಿದ್ದುಪಡಿ ಹಾಕೋಣ. ನನ್ನ ತಪ್ಪು ನಾನು ಬರೀತೀನಿ. ಬಂದರಿಗೆ ವರದಿಗಾರರು ಹೋಗಲಿ, ಕಂಪನಿಯವರನ್ನೂ ಕೇಳಲಿ, ಗೇಟಿನ ಹೊರಗಿರೋರನ್ನೂ ಕೇಳಲಿ." ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು. "ಆದರೆ ಪುರವಣಿ ನಿಂತ್ರೆ ನಿಮ್ಮ ಕೆಲಸ..."

"ಹೋಗುತ್ತೆ," ಎಂದು ಅವನು ಮೊದಲ ಸಲ ಅವಳ ಕಣ್ಣನ್ನೇ ನೋಡಿದ. ಅವಳೂ ಕಣ್ಣು ಕದಲಿಸಲಿಲ್ಲ. "ಈ ಸಲ ಹೆಸರು ಮೊದಲ ಸಾಲಲ್ಲೇ ಬರೀತೀನಿ. ನೀವು ಹೇಗೆ ಕತ್ತರಿಸಿದ್ರೂ ಹೋಗಬಾರದು, ಹಾಗೆ."

ಅವನು ಹೇಳಿದಂತೆ ಮಾಡಿದ. ಮುಂದಿನ ಸೋಮವಾರ ಬಂದ ಬರಹ, 'ಚೀನಾದ ಸರ್ಕಾರಿ ಸುದ್ದಿಸಂಸ್ಥೆ ಹೇಳುವ ಪ್ರಕಾರ' ಎಂದೇ ಶುರುವಾಗಿತ್ತು. ಪಕ್ಕದಲ್ಲಿ ಅವಳ ತಿದ್ದುಪಡಿ, ಅದರ ಪಕ್ಕ ಬಂದರಿನ ಗೇಟಿನಿಂದ ವರದಿಗಾರರು ತಂದ ಸುದ್ದಿ. ಸಂಪಾದಕರು ಪುಟವನ್ನು ಹಿಡಿದುಕೊಂಡು ಅವಳ ಟೇಬಲ್ಲಿಗೇ ಬಂದರು.

"ಏನಮ್ಮಾ, ಒಪ್ಪಂದಕ್ಕೇ ಕಲ್ಲು ಹಾಕ್ತಿದ್ದೀಯಲ್ಲ. ಆ ಮೊದಲ ಸಾಲು ಒಂದನ್ನ ತೆಗೆದುಬಿಡು."

"ಆಗಲ್ಲ ಸಾರ್. ಹನ್ನೆರಡು ವರ್ಷದಿಂದ ಕೆಳಗಿನಿಂದ ಕತ್ತರಿಸಿ ಅಭ್ಯಾಸ. ಮೇಲಿನಿಂದ ಕತ್ತರಿಸೋಕೆ ಕೈ ಬರಲ್ಲ."

ಸುತ್ತಲಿನ ಟೇಬಲ್ಲುಗಳಲ್ಲಿ ಯಾರೋ ಕೆಮ್ಮಿದರು, ಯಾರೋ ನಕ್ಕರು. ಸಂಪಾದಕರು ನಿಂತಲ್ಲೇ ಅವಳ ತಿದ್ದುಪಡಿಯನ್ನು ಇನ್ನೊಮ್ಮೆ ಓದಿದರು. "ತಪ್ಪೆಲ್ಲ ನಿನ್ನ ತಲೆಗೇ ಕಟ್ಟಿಕೊಂಡಿದ್ದೀಯಲ್ಲ. ಹೆಸರು ಕೊನೆಯಲ್ಲಿರಲಿ ಅಂದೋನು ನಾನು," ಎಂದು ಗೊಣಗಿ, ಪೆನ್ನು ಕೇಳಿ ಪಡೆದು, 'ಸಂಪಾದಕರ ಸೂಚನೆಯಂತೆ' ಎಂಬ ಎರಡು ಪದ ಸೇರಿಸಿ ಹೋದರು.

ಪುಟ ಅಚ್ಚಾಯಿತು. ಅಪ್ಪ ಅದನ್ನು ಚಿಕ್ಕಪ್ಪನಿಗೆ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದರು. ಚಿಕ್ಕಪ್ಪನಿಗೆ ಕೆಲಸವೇನೂ ವಾಪಸು ಬರಲಿಲ್ಲ. ಆದರೆ "ಕೇಳೋಕೆ ಬಂದ್ರಲ್ಲ, ಬಿಡು," ಎಂದು ಅಂದು ಅವಳ ಮನೆಯಲ್ಲೇ ಊಟಕ್ಕೆ ಕೂತರು. ಸುದ್ದಿಸಂಸ್ಥೆಯವರು ಎರಡೇ ದಿನಕ್ಕೆ ಒಪ್ಪಂದ ಮುಗಿಯಿತೆಂದು ಬರೆದರು.

ಶುಕ್ರವಾರ ಸಂಜೆ ಅವಳು ಮೀಟಿಂಗ್ ಮುಗಿಸಿ ಬರುವಷ್ಟರಲ್ಲಿ ಎದುರಿನ ಟೇಬಲ್ ಖಾಲಿಯಾಗಿತ್ತು. ಲೋಟವೂ ಇರಲಿಲ್ಲ. ಒಂದು ಮಾತು ಹೇಳಿ ಹೋಗಬಾರದಿತ್ತೇ? ಪುಕ್ಕಲ ಕೊನೆಗೂ ಪುಕ್ಕಲನೇ ಎಂದು ಮನಸ್ಸಿನಲ್ಲೇ ಬೈದು ಕಂಪ್ಯೂಟರ್ ತೆರೆದಳು.

ಅವಳು ತಿದ್ದಬೇಕಾದ ಬರಹಗಳ ಪಟ್ಟಿಯಲ್ಲಿ ಹೊಸದೊಂದು ಬಂದು ಕೂತಿತ್ತು. ಕಳಿಸಿದವನು ಅವನು. ಇಡೀ ಒಂದು ಕಾಲಂ ಉದ್ದ. ಮೊದಲ ಸಾಲಿನಲ್ಲಿ ಹೀಗಿತ್ತು: 'ನಾನು ನಿಮ್ಮನ್ನು ಪ್ರೀತಿಸುತ್ತೇನೆ. ಮೂಲ: ನಾನೇ.'

ಅವಳಿಗೆ ನಗು, ಅಳು ಎರಡೂ ಬಂದವು. ಮುಖ್ಯವಾದದ್ದು ಮೇಲೆಯೇ ಇತ್ತು. ಇಷ್ಟು ಓದಿದರೆ ಸಾಕು ಎನ್ನುವ ಹಾಗೆ, ಅದರ ಕೆಳಗೆಲ್ಲ ಹವಾಮಾನ ವರದಿ, ಕಳೆದುಹೋದ ಕೊಡೆಯ ವಿಚಾರ, ಅವಳ ಪೆನ್ನಿನ ಕ್ಯಾಪಿನ ಗುಣಗಾನ, ಒಂದು ಚೀನೀ ಪದಕ್ಕೆ ಆರು ಅರ್ಥ. ಅಭ್ಯಾಸಬಲದಿಂದ ಬೆರಳು ಅಳಿಸುವ ಕೀಲಿಯ ಹತ್ತಿರ ಹೋಯಿತು. ಅವಳು ಆ ಕೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಒಂದೊಂದೇ ಸಾಲು ಓದಿದಳು. ಕೊಡೆಯ ಕಥೆಯನ್ನೂ ಬಿಡಲಿಲ್ಲ.

ತೀರಾ ಕೊನೆಯಲ್ಲಿ ಒಂದು ಸಾಲಿತ್ತು: 'ಎದುರಿನ ಟೀ ಅಂಗಡಿಯಲ್ಲಿ ಐದು ಗಂಟೆಯವರೆಗೆ ಇರುತ್ತೇನೆ.'

ಗಡಿಯಾರ ನೋಡಿದಳು. ಐದಕ್ಕೆ ನಾಲ್ಕು ನಿಮಿಷ. ಈ ಸಲವೂ ಲಿಫ್ಟಿಗೆ ಕಾಯಲಿಲ್ಲ.

ಅವನು ಮೂಲೆಯ ಟೇಬಲ್ಲಿನಲ್ಲಿ, ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದ. ಕನ್ನಡಕ ಹಣೆಯ ಮೇಲಿತ್ತು. ಅವಳು ಏದುಸಿರು ಬಿಡುತ್ತಾ ಎದುರು ಕೂತಳು. ಟೇಬಲ್ಲಿನ ಮೇಲೆ ತೇವದ ಅಕ್ಷರವೊಂದು ಇನ್ನೂ ಒಣಗಿರಲಿಲ್ಲ.

"ಬರಲ್ಲ ಅಂದ್ಕೊಂಡಿದ್ದೆ," ಎಂದ. "ತುಂಬಾ ಹೊತ್ತಾಯ್ತಲ್ಲ."

"ಎಷ್ಟು ಉದ್ದ ಬರೀತೀರ ಮಾರಾಯ್ರೆ!" ಎಂದಳು ಅವಳು, ಅವನ ಹಣೆಯ ಮೇಲಿನ ಕನ್ನಡಕವನ್ನು ಎಳೆದು ಮೂಗಿನ ಮೇಲೆ ಕೂರಿಸುತ್ತಾ. "ಕೊನೇ ಸಾಲಿನ ತನಕ ಓದ್ಕೊಂಡು ಬಂದೆ."