ಮೂರನೆಯ ಭಾನುವಾರ ಎದ್ದು ನಿಂತವರು

“ಮೊದಲು ಆ ಬ್ರಷ್ ಕೆಳಗಿಡಿ! ನಿಮ್ಮಜ್ಜಿಯ ಬೆನ್ನನ್ನೂ ಹೀಗೇ ತಿಕ್ಕುತ್ತಿದ್ದಿರಾ?”

ಹಿಲರಿ ಗೋಡ್ಬಿಯ ದನಿಗೆ, ಚರ್ಚಿನ ಅಂಗಳದಲ್ಲಿ ಮಂಡಿಯೂರಿದ್ದ ಗಂಡಸು ಬೆಚ್ಚಿಬಿದ್ದ. ಅವನ ಕೈಯಲ್ಲಿ ತಂತಿಯ ಬ್ರಷ್, ಮುಂದೆ ಪಾಚಿಗಟ್ಟಿದ ಸಮಾಧಿಕಲ್ಲು.

“ಹೆಸರು ಕಾಣಿಸ್ತಿಲ್ಲ…”

“ಹೀಗೆ ತಿಕ್ಕಿದರೆ ಇನ್ನು ಯಾರಿಗೂ ಕಾಣಿಸೋಲ್ಲ.”

ಅವಳು ಕಲ್ಲಿಗೆ ನೀರು ಚಿಮುಕಿಸಿ, ಚೀಲದಿಂದ ಪುಟ್ಟ ಕನ್ನಡಿ ತೆಗೆದು ಬಿಸಿಲನ್ನು ಓರೆಯಾಗಿ ಹಾಯಿಸಿದಳು. ಅಕ್ಷರಗಳು ಮೆಲ್ಲನೆ ಎದ್ದು ಬಂದವು. ಅವನು ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದ.

“ಕಲ್ಲು ಆ ಕಡೆ ಇದೆ.”

“ಗೊತ್ತು,” ಎಂದ, ಕಣ್ಣು ತೆಗೆಯದೆ.

ಅವನು ಕ್ಲೈವ್ ಹ್ಯಾಡನ್, ಲೆಸ್ಟರ್ ನಗರದಲ್ಲಿ ಗಡಿಯಾರ ರಿಪೇರಿ ಮಾಡುವವನು. ಅವನ ತಾಯಿ ಐವಿ ಹುಟ್ಟಿ ಬೆಳೆದದ್ದು ಈ ವೆಲ್ಡರ್ಬಿ ಹಳ್ಳಿಯಲ್ಲಿ; ಅವಳ ಕಡೆಯವರ ಸಮಾಧಿ ಹುಡುಕಿಕೊಂಡು ಬಂದಿದ್ದ. ಹಿಲರಿ ಮೇಷ್ಟ್ರಗಿರಿಯಿಂದ ನಿವೃತ್ತಳಾದ ಮೇಲೆ ಚರ್ಚಿನ ಹಳೆಯ ಪುಸ್ತಕಗಳನ್ನೆಲ್ಲ ನಕಲು ಮಾಡುತ್ತಿದ್ದಳು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನಕಲಿನ ಮೇಲೆ ಬೆರಳಿಟ್ಟು ತಾಳೆ ನೋಡಬೇಕು. ಮೂಲದಲ್ಲಿ ತಪ್ಪಿದ್ದರೆ ತಪ್ಪನ್ನೇ ಬರೆಯಬೇಕು, ತಿದ್ದುವ ಹಕ್ಕು ನಮಗಿಲ್ಲ ಎಂದು ಅವಳೇ ಅವನಿಗೆ ಕಲಿಸಿದಳು. ಅಂದಿನಿಂದ ಪ್ರತಿ ಗುರುವಾರ ಅವಳ ಜೊತೆ ತಾಳೆ ನೋಡಲು ಅವನು ಬರತೊಡಗಿದ. ಶುಂಠಿ ಬಿಸ್ಕತ್ತು ತರುತ್ತಿದ್ದ. ಚರ್ಚಿನ ಚಳಿ ಕೊರೆಯುವ ಕೋಣೆಯಲ್ಲಿ ಹೀಟರನ್ನು ಅವಳ ಪಾದಗಳ ಕಡೆಗೆ ತಿರುಗಿಸುತ್ತಿದ್ದ. ಐವತ್ತೇಳು ವರ್ಷದಲ್ಲಿ ಅವಳ ಪಾದಗಳ ಬಗ್ಗೆ ಯೋಚಿಸಿದವರು ಬೇರೆ ಯಾರೂ ಇರಲಿಲ್ಲ.

ಒಂದು ಗುರುವಾರ ಅವನು ಬಂದ ಕಾರಣ ಹೇಳಿದ.

“ಅಮ್ಮನಿಗೆ ಇಲ್ಲೇ ಮದುವೆ ಗೊತ್ತಾಗಿತ್ತು. ಸಾವಿರದ ಒಂಬೈನೂರ ಐವತ್ತಾರರಲ್ಲಿ. ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಇಬ್ಬರ ಹೆಸರು ಓದಿ, ಯಾರದಾದರೂ ಆಕ್ಷೇಪಣೆ ಇದೆಯಾ ಅಂತ ಕೇಳ್ತಾರಲ್ಲ, ಹಾಗೆ ಓದಿಸಿದರು. ಮೂರನೆಯ ವಾರ ಯಾರೋ ಎದ್ದು ನಿಂತು ಆಕ್ಷೇಪಣೆ ಹೇಳಿದರಂತೆ. ಹುಡುಗ ಅವಮಾನದಿಂದ ಮಾರನೇ ದಿನವೇ ಊರು ಬಿಟ್ಟ.”

“ನಿಮ್ಮಮ್ಮ ಅಲ್ಲಿರಲಿಲ್ವಾ?”

“ತನ್ನ ಹೆಸರು ಓದೋದನ್ನು ಹುಡುಗಿ ಕೇಳಬಾರದಲ್ಲ, ಅಪಶಕುನ. ಮನೇಲಿದ್ದಳು. ಅವಳ ಅಕ್ಕ ಮೇಬಲ್‌ಗೂ ಆ ಹುಡುಗನ ಮೇಲೆ ಕಣ್ಣಿತ್ತು. ಎದ್ದು ನಿಂತವಳು ಮೇಬಲ್ಲೇ ಅಂತ ನಂಬಿ, ಅಮ್ಮ ಯಾರನ್ನೂ ಕೇಳದೆ ಅವತ್ತೇ ಮನೆ, ಊರು ಎರಡೂ ಬಿಟ್ಟಳು. ಮತ್ತೆ ಅಕ್ಕನ ಹತ್ತಿರ ಮಾತಿಲ್ಲ. ಈಗ ಹಾಸಿಗೆ ಹಿಡಿದಿದ್ದಾಳೆ. ನಿಜವಾಗಿ ಯಾರು ಅಂತ ಕೇಳ್ತಾನೇ ಇರ್ತಾಳೆ.” ಅವನು ನಕ್ಕ. “ಆ ಮದುವೆ ನಡೆದಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ, ಅದು ಬೇರೆ ಮಾತು.”

ಹಾಗೆ ಓದಿದ ಹೆಸರುಗಳನ್ನು ಬರೆದಿಡುವ ಪುಸ್ತಕವನ್ನು ಅವಳು ಹುಡುಕಿ ತಂದಳು.

“ನೀವೇ ಓದಿ. ನನಗೆ ಧೈರ್ಯ ಸಾಲ್ತಿಲ್ಲ,” ಎಂದು ಅವನು ಮೊದಲ ಸಲ ಅವಳ ಎಡಗೈ ಹಿಡಿದುಕೊಂಡ.

ಹಿಲರಿ ಓದಿದಳು. ಐವಿಯ ಹೆಸರು, ಹುಡುಗನ ಹೆಸರು. ಅದರ ಕೆಳಗೆ ಆಕ್ಷೇಪಿಸಿದವನ ಹೆಸರು: ಸಿರಿಲ್ ಗೋಡ್ಬಿ. ಅವಳ ಅಪ್ಪ. ಸುಗ್ಗಿಯ ಗಾಡಿಯ ಮೇಲೆ ಅವಳನ್ನು ಕೂರಿಸಿ ಊರೆಲ್ಲ ಸುತ್ತಿಸಿದ ಅಪ್ಪ.

“ಆಕ್ಷೇಪಣೆ ಬಂತು ಅಂತಿದೆ,” ಎಂದಳು. “ಹೆಸರು ಬರೆದಿಲ್ಲ.”

“ಹಾಗಾದರೆ ಅಮ್ಮ ಅಂದುಕೊಂಡದ್ದೇ ಸರಿಯಿರಬೇಕು,” ಎಂದು ಅವನು ನಿಟ್ಟುಸಿರಿಟ್ಟ. ಅವಳ ಕೈ ಬಿಡಲಿಲ್ಲ. ಆ ಬಿಸಿಗಾಗಿ ಅವಳು ಸುಮ್ಮನಿದ್ದಳು.

ಐವಿ ಮತ್ತೆ ಏಳು ವಾರ ಬದುಕಿದ್ದಳು. ಏಳು ಗುರುವಾರವೂ ಹಿಲರಿ ಹೇಳಬೇಕೆಂದುಕೊಂಡಳು. ಏಳು ಗುರುವಾರವೂ ಅವನು ಬಿಸ್ಕತ್ತು ತಂದ.

ಚಳಿಗಾಲದಲ್ಲಿ ಅವನು ಮದುವೆಯ ಮಾತೆತ್ತಿದ.

“ರಿಜಿಸ್ಟರ್ ಆಫೀಸಿನಲ್ಲಿ ಆಗೋಣ,” ಎಂದಳು.

“ಛೆ! ಅಮ್ಮನಿಗೆ ನಡೆಯದ್ದು ನಮಗಾದರೂ ಈ ಚರ್ಚಿನಲ್ಲೇ ನಡೀಲಿ. ಎಲ್ಲರೂ ನಿನ್ನ ಹೆಸರು ಮೂರು ಸಲ ಕೇಳಲಿ. ನಾನು ಜಂಬ ಪಡಬೇಕು ಕಣೆ.”

ಹೆಸರು ಬರೆಸಲು ಇಬ್ಬರೂ ಹೋದಾಗ, ಪಾದ್ರಿ ಜೋನ್ ಆ ಹಳೆಯ ಪುಸ್ತಕವನ್ನೇ ಮೇಜಿನ ಮೇಲಿಟ್ಟಳು.

“ನಮ್ಮೂರಲ್ಲಿ ಮದುವೆ ಎಷ್ಟು ಅಪರೂಪ ನೋಡಿ, ಅರವತ್ತು ವರ್ಷಕ್ಕೂ ಒಂದೇ ಪುಸ್ತಕ ಸಾಕಾಯ್ತು!”

“ಅಮ್ಮನ ಹೆಸರೂ ಇದರಲ್ಲೇ ಇದೆ,” ಎಂದ ಕ್ಲೈವ್. “ಒಮ್ಮೆ ನೋಡಲಾ?” ಅವನು ಒಂದೊಂದೇ ಹಾಳೆ ಹಿಂದಕ್ಕೆ ತಿರುವತೊಡಗಿದ. ಗಡಿಯಾರ ಬಿಚ್ಚುವ ಬೆರಳುಗಳು, ಅವಸರವಿಲ್ಲದ ಬೆರಳುಗಳು.

“ನೋಡಬೇಡ ಕ್ಲೈವ್.” ಹಿಲರಿ ಹಾಳೆಯ ಮೇಲೆ ಕೈಯಿಟ್ಟು, ಮತ್ತೆ ತೆಗೆದಳು. “ಅಲ್ಲ… ನೋಡು. ಅಲ್ಲಿ ಹೆಸರಿದೆ. ನನ್ನಪ್ಪನದು.”

ಪಾದ್ರಿ ಇಬ್ಬರ ಮುಖವನ್ನೂ ನೋಡಿದಳು. ಟೀಗೆ ನೀರಿಟ್ಟು ಬರುವುದಾಗಿ ಹೇಳಿ, ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋದಳು.

ಅವನು ಎರಡು ಸಲ ಓದಿದ. ಎರಡನೆಯ ಸಲ ಗಟ್ಟಿಯಾಗಿ: “ಸಿರಿಲ್ ಗೋಡ್ಬಿ. ವರನಿಗೆ ಬೇರೆ ಊರಿನಲ್ಲಿ ಹೆಂಡತಿ ಇರುವಳೆಂದು. ವಿಚಾರಿಸಲಾಗಿ ಸುಳ್ಳು.”

“ಅಪ್ಪ ಯಾಕೆ ಹಾಗೆ ಮಾಡಿದರೋ ನನಗೆ ಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ.”

“ನಿಮ್ಮಪ್ಪನ ಸುಳ್ಳು ನಿಮ್ಮಪ್ಪನದು. ಅದನ್ನು ನಾವಿಬ್ಬರೂ ಕೂತು ನಕ್ಕು ಮರೆಯಬಹುದಿತ್ತು.” ಅವನ ದನಿ ಏರಲಿಲ್ಲ, ಏರಿದ್ದರೆ ಅವಳಿಗೆ ಹಗುರವಾಗುತ್ತಿತ್ತು. “ಅಮ್ಮ ಕೊನೇ ದಿನ ಏನಂದಳು ಗೊತ್ತಾ? ‘ಮೇಬಲ್ ಬಂದರೆ ಒಳಗೆ ಬಿಡಬೇಡ.’ ಮೇಬಲ್ ಸತ್ತು ಹನ್ನೊಂದು ವರ್ಷ, ಹಿಲರಿ.”

“ನೀನು ಬರೋದು ನಿಲ್ಲಿಸ್ತೀಯಾ ಅಂತ ಹೆದರಿದೆ.”

“ಏಳು ವಾರ ಇತ್ತು. ಯಾವ ಗುರುವಾರ ಹೇಳಿದ್ದರೂ ಓಡಿಹೋಗಿ ಅಮ್ಮನ ಕಿವೀಲಿ ಹೇಳ್ತಿದ್ದೆ. ಮತ್ತೆ ನಿನ್ನ ಹತ್ತಿರಕ್ಕೇ ಬರ್ತಿದ್ದೆ.”

ಪುಸ್ತಕದಲ್ಲಿ ಅವರಿಬ್ಬರ ಹೆಸರು ಬರೆಸಲಿಲ್ಲ.

ರಸ್ತೆಯಲ್ಲಿ ಮಂಜು ಗಡ್ಡೆ ಕಟ್ಟಿತ್ತು. ಅವಳು ಜಾರಬಾರದೆಂದು ಅವನು ದಾರಿಯುದ್ದಕ್ಕೂ ಮೊಣಕೈ ಹಿಡಿದು ನಡೆಸಿದ. ಅವಳ ಮನೆಯ ಗೇಟು ಬಂತು.

“ಪ್ರೀತಿ ಹೋಯ್ತಾ?” ಎಂದು ಅವಳು ಕೇಳಿದಳು.

“ಎಲ್ಲಿ ಹೋಗುತ್ತೆ, ಇದೆ.” ಅವನು ಅವಳ ಮಫ್ಲರನ್ನು ಕತ್ತಿಗೆ ಸರಿಯಾಗಿ ಸುತ್ತಿದ. “ಆದರೆ ಇನ್ನು ಮುಂದೆ ನೀನು ಏನು ಓದಿದರೂ ನಾನು ಪುಟ ಇಣುಕಿ ನೋಡ್ತೀನಿ. ಹಾಗೆ ಇಣುಕೋ ಗಂಡನ ಜೊತೆ ನೀನು ಬಾಳಬಾರದು.”

ಅವಳು ಒಳಗೆ ಕಾಲಿಟ್ಟಳು. ಆ ಗೇಟಿನ ಚಿಲಕ ತುಕ್ಕು ಹಿಡಿದಿತ್ತು, ಬಗ್ಗಿ ಎತ್ತಿ ಹಾಕಬೇಕು, ಅವಳಿಗೆ ಸೊಂಟ ನೋವು. ಅವನು ಹೊರಗಿನಿಂದಲೇ ಬಗ್ಗಿ, ಗೇಟನ್ನು ಒಂದು ಕೈಯಿಂದ ಎತ್ತಿ, ಇನ್ನೊಂದರಿಂದ ಚಿಲಕವನ್ನು ಭದ್ರವಾಗಿ ಹಾಕಿಕೊಟ್ಟು ಹೋದ.