ಅವಳಿಗೆ ನೆನಪಿಲ್ಲದ ನಾಲ್ಕು ನಿಮಿಷ

೨೦೨೫ನೇ ಇಸವಿ, ಫೆಬ್ರವರಿ ೧೧, ಮಂಗಳವಾರ. ಬೆಳಿಗ್ಗೆ ಹನ್ನೊಂದು ಗಂಟೆ ಆರು ನಿಮಿಷ.

ಕಣ್ಣು ಬಿಟ್ಟಾಗ ಅವಳ ಬಾಯಿ ತುಂಬ ರಕ್ತ. ನಾಲಿಗೆಗೆ ಏನೋ ಚೂಪಾಗಿ ತಾಗಿತು... ಮೇಲಿನ ಮುಂದಿನ ಹಲ್ಲು ಅರ್ಧ ಮುರಿದಿತ್ತು!

ನಾಲ್ಕು ಹೆಜ್ಜೆ ಆಚೆ ಐದಾರು ಜನ ಒಬ್ಬನನ್ನು ಕೆಡವಿಕೊಂಡು ಒದೆಯುತ್ತಿದ್ದರು. ಪಕ್ಕೆಗೆ ಬೂಟು ಬಿದ್ದಾಗಲೆಲ್ಲ ಒದ್ದೆ ಚೀಲಕ್ಕೆ ದೊಣ್ಣೆಯಿಂದ ಬಡಿದಂಥ ಸದ್ದು. ಅವನು ತಿರುಗಿ ಕೈ ಎತ್ತಲಿಲ್ಲ. ರಕ್ತ ಸುರಿಯುವ ಹುಬ್ಬಿನ ಕೆಳಗಿಂದ ಅವಳನ್ನೇ ನೋಡುತ್ತ ಕೂಗಿದ:

“ಅಂಗಾತ ಮಲಗಿಸಬೇಡ್ರೋ! ಪಕ್ಕಕ್ಕೆ... ಪಕ್ಕಕ್ಕೆ ತಿರುಗಿಸಿ!”

ಮುಂದಿನ ಒದೆ ಬಾಯಿಗೇ ಬಿತ್ತು. ಕೂಗು ನಿಂತಿತು.

ಅವನು ಎದುರಂಗಡಿಯ ಬೀಗ ರಿಪೇರಿಯವನು. ಅವಳು ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಗಾಜು ಉಜ್ಜುವವಳು. ಉಜ್ಜಿದ ಗಾಜನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವ ನೆಪದಲ್ಲಿ ಮೂರು ತಿಂಗಳಿಂದ ಅವಳು ನೋಡುತ್ತಿದ್ದುದು ಅವನನ್ನೇ!

“ಅಣ್ಣಾ... ಏನಾಯ್ತು?”

ಅಣ್ಣ ಅದೇ ಅಂಗಡಿಯ ಮುಂಭಾಗದಲ್ಲಿ ಕನ್ನಡಕ ಮಾರುವವನು. ಅವನ ಮೂಗಿನಿಂದ ರಕ್ತ ಇಳಿಯುತ್ತಿತ್ತು. ಬಲಗೈ ಬೆರಳಿಗೆ ಕರವಸ್ತ್ರ ಸುತ್ತಿಕೊಂಡಿದ್ದ.

“ನಿನಗೆ ನಾಲ್ಕು ನಿಮಿಷ ಫಿಟ್ಸ್ ಬಂತು ಪುಟ್ಟಿ. ಕೈಗೆ ಹಿಡಿಸೋಕೆ ಕೀ ಗೊಂಚಲು ಕೊಡೋ ಅಂದ್ರೆ ಆ ಪಾಪಿ ಕೊಡಲಿಲ್ಲ. ಅಂಗಡಿ ತುಂಬ ಕೀ ನೇತಾಡ್ತಿವೆ, ಒಂದೂ ಕೊಡಲಿಲ್ಲ! ಒಳಗೆ ನುಗ್ಗಿ ನನಗೆ ಗುದ್ದಿದ. ನಿನ್ನ ಹಲ್ಲು ಮುರಿದವನೂ ಅವನೇ!”

ಅವಳು ನಂಬಿದಳು. ನಂಬದೆ ಇನ್ನೇನು ಮಾಡಿಯಾಳು? ಹನ್ನೆರಡನೇ ವಯಸ್ಸಿನಿಂದ ಮೂರ್ಛೆ ಅವಳ ಬದುಕಿನಿಂದ ಹೀಗೆ ನಿಮಿಷಗಳನ್ನು ಕಿತ್ತುಕೊಂಡು ಹೋಗುತ್ತಿತ್ತು. ಆ ನಿಮಿಷಗಳಲ್ಲಿ ಏನಾಯಿತೆಂದು ಬೇರೆಯವರು ಹೇಳಬೇಕು, ಇವಳು ಕೇಳಬೇಕು. ಕಾಯಿಲೆಯ ಸುದ್ದಿ ತಿಳಿದು ಹೆಣ್ಣು ನೋಡಲು ಬಂದವರು ಎರಡು ಸಲ ಎದ್ದುಹೋಗಿದ್ದರು.

ಎಂಟು ದಿನದ ಮೇಲೆ ಬೀಗದವನು ಅವಳ ಒಳಕೋಣೆಗೆ ಬಂದ. ಹುಬ್ಬಿಗೆ ಹೊಲಿಗೆ, ಎರಡು ಪಕ್ಕೆಲುಬು ಬಿರುಕು.

“ಹೇಗಿದೀರ?”

“ಉಳಿದ ಹಲ್ಲು ಎಣಿಸೋಕೆ ಬಂದ್ಯಾ?”

“ನಾನು ಮುರಿಯಲಿಲ್ಲ.”

“ಹಾಗಾದ್ರೆ ನನ್ನ ಅಣ್ಣ ಸುಳ್ಳುಗಾರನಾ?”

ಅವನು ಅಂಗಡಿಯ ಮುಂಭಾಗದ ಕಡೆ ಒಮ್ಮೆ ನೋಡಿ, ಹುಬ್ಬಿನ ಹೊಲಿಗೆ ಸವರಿಕೊಂಡ.

“ಕೀ ಕೊಡಲಿಲ್ವಲ್ಲ, ಅದಾದ್ರೂ ನಿಜಾನಾ?”

“ನಿಜ. ಕಬ್ಬಿಣ ಹಿಡಿಸಿದ್ರೆ ಫಿಟ್ಸ್ ನಿಲ್ಲಲ್ಲ.”

ಎಂಥ ಕಲ್ಲುಮನಸ್ಸು! ಅವಳು ಕೈಯಲ್ಲಿದ್ದ ದಪ್ಪ ಗಾಜನ್ನು ಬೀಸಿ ಎಸೆದಳು. ನೇರ ಹುಬ್ಬಿಗೇ! ಹೊಲಿಗೆ ಬಿಚ್ಚಿಕೊಂಡಿತು. ಅವನು ಗಾಯ ಒತ್ತಿಹಿಡಿದು, ಬಿದ್ದ ಗಾಜನ್ನೆತ್ತಿ ಮೇಜಿನ ಮೇಲಿಟ್ಟ.

“ಒಡೆದಿಲ್ಲ,” ಎಂದು ಹೊರಟೇಹೋದ.

ಅಂದಿನಿಂದ ಅವಳು ಕಿಟಕಿಗೆ ಬೆನ್ನು ಹಾಕಿ ಕೂತಳು. ಆದರೂ ಬೆನ್ನಿಗೆ ಕಿವಿ ಬಂದಂತೆ ಎದುರಂಗಡಿಯ ಸದ್ದೆಲ್ಲ ಕೇಳುತ್ತಿತ್ತು...

ಮೂರನೇ ವಾರ ಅಣ್ಣನ ಬೆರಳಿನ ಪಟ್ಟಿ ಬಿಚ್ಚಿತು. ಊಟಕ್ಕೆ ಕೂತಾಗ ಅವಳ ಕಣ್ಣು ಅಲ್ಲೇ ನಿಂತಿತು. ಹೊಡೆದಾಟದಲ್ಲಿ ಕೊಯ್ದದ್ದು ಎಂದಿದ್ದನಲ್ಲ? ಆದರೆ ಕಲೆ ಬಾಗಿತ್ತು... ಬಿಲ್ಲಿನ ಹಾಗೆ. ದಿನವಿಡೀ ಗಾಜಿನ ಅಂಚು ನೋಡುವವಳ ಕಣ್ಣಿಗೆ ಬಾಗು ತಪ್ಪುವುದುಂಟೆ?

ಒಳಕೋಣೆಗೆ ಹೋಗಿ ಮೇಣದ ಬಿಲ್ಲೆಯೊಂದನ್ನು ಕಚ್ಚಿದಳು. ಕೆಳಸಾಲಿನ ನಡುವೆ ಅವಳಿಗೊಂದು ಸಂದಿ ಇತ್ತು. ಗಾಜಿನ ದಪ್ಪ ಅಳೆಯುವ ಕ್ಯಾಲಿಪರ್‌ನಿಂದ ಅಳೆದಳು. ಎರಡು ಮಿಲಿಮೀಟರ್. ವಾಪಸ್ ಬಂದು ಅಣ್ಣನ ಕೈ ಎಳೆದುಕೊಂಡು, ಕಲೆಯ ನಡುವಿನ ಸಂದಿಗೆ ಕ್ಯಾಲಿಪರ್ ಹಿಡಿದಳು.

ಎರಡು ಮಿಲಿಮೀಟರ್.

“ನಿನ್ನ ಬೆರಳು ನನ್ನ ಬಾಯಲ್ಲಿತ್ತು.”

“ಪುಟ್ಟಿ...”

“ಹಲ್ಲು ಮುರಿದದ್ದು ಯಾರು?!”

ಅಣ್ಣ ತಟ್ಟೆಯನ್ನು ಗೋಡೆಗೆ ಬೀಸಿ ಒಡೆದ. ಆಮೇಲೆ ಅದೇ ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದ. ಅವಳು ಓಡಿ ಅಂಗೈ ಅಡ್ಡ ಕೊಟ್ಟಳು.

“ನಾಲಿಗೆ ನುಂಗಿಬಿಡ್ತೀಯ ಅಂತ ಭಯ ಆಯ್ತು ಕಣೆ! ಮೊದಲು ಬೆರಳು ಹಾಕಿದೆ, ನೀನು ಕಚ್ಚಿದೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿ ತೂರಿಸಿ ಬಾಯಿ ಬಿಡಿಸೋಕೆ ಹೋದೆ... ಹಲ್ಲು ಟಪ್ ಅಂತು. ಅವನು ನನ್ನ ಎಳೆದು ಮೂಗಿಗೆ ಗುದ್ದಿದ. ಜನ ಬಂದಾಗ ನಾನು ನೆಲದ ಮೇಲೆ, ಅವನು ನಿನ್ನ ಪಕ್ಕ. ಅವರೇ ತಪ್ಪು ತಿಳಿದ್ರು... ನಾನು ತಡೀಲಿಲ್ಲ. ನನ್ನ ಕೈಯಾರೆ ನಿನ್ನ ಹಲ್ಲು ಮುರಿದೆ ಅಂತ ಹೇಗೆ ಹೇಳಲಿ?”

“ನಾಲಿಗೆ ಯಾರೂ ನುಂಗಲ್ಲ ಅಣ್ಣ. ಆದ್ರೆ ಆ ನಿಮಿಷಗಳು ನನ್ನವು. ನನಗೆ ನೆನಪಿಲ್ಲ ಅಂತ ಮನಸ್ಸಿಗೆ ಬಂದದ್ದು ತುಂಬಿಸಿಬಿಟ್ಯಲ್ಲ!”

ಅಣ್ಣ ಕೂಸಿನ ಹಾಗೆ ಅತ್ತ.

ಮರುದಿನ ಮಧ್ಯಾಹ್ನ ಅವಳು ರಸ್ತೆ ದಾಟಿದಳು. ಅಣ್ಣ ತಲೆ ತಗ್ಗಿಸಿ ಹಿಂದೆಯೇ ಬಂದ.

ಬೀಗದವನು ಅವಳ ಕೈ ನೋಡಿದ. “ಇವತ್ತು ಗಾಜು ತಂದಿಲ್ಲ ತಾನೆ?”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

“ನನ್ನಿಂದ ತಪ್ಪಾಯ್ತು. ನಿಜ ಗೊತ್ತಿದ್ದೂ ಅವತ್ತು ಯಾಕೆ ಹೇಳಲಿಲ್ಲ?”

“ನಿಮ್ಮ ಅಣ್ಣ ಮಾಡಿದ್ದನ್ನ ನಾನೂ ಮಾಡಿದ್ದೆ. ನನ್ನ ಅಮ್ಮನಿಗೆ.” ಅವನು ಕೀ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟ. “ಆಗ ನನಗೆ ಹದಿನಾರು. ದೊಡ್ಡ ಗೇಟಿನ ಕೀ ತೂರಿಸಿ ಬಾಯಿ ಬಿಡಿಸಿದೆ. ದವಡೆ ಜಾರಿಹೋಯ್ತು. ಆಮೇಲೆ ಅಮ್ಮ ಗಟ್ಟಿ ಪದಾರ್ಥ ತಿನ್ನಲೇ ಇಲ್ಲ... ಆ ತಪ್ಪು ಹೊತ್ತುಕೊಂಡು ತಿರುಗೋದು ಹೇಗಿರುತ್ತೆ ಅಂತ ನನಗೆ ಗೊತ್ತು. ನಿಮ್ಮ ಅಣ್ಣನ ಬಾಯಿಂದಲೇ ನಿಜ ಬರಲಿ ಅಂತ ಕಾದೆ.”

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಏನೋ ಹೇಳಬೇಕಿತ್ತು... ಗೋಡೆಯ ಕೀಗಳೆಲ್ಲ ಒಮ್ಮೆಗೇ ಹೊಳೆದವು...

ಕಣ್ಣು ಬಿಟ್ಟಾಗ ಅವಳು ಪಕ್ಕಕ್ಕೆ ಮಲಗಿದ್ದಳು. ತಲೆಯ ಕೆಳಗೆ ಅವನ ಮಡಿಚಿದ ಅಂಗಿ. ಬಾಗಿಲಲ್ಲಿ ಅಣ್ಣ ಎರಡೂ ಕೈ ಚಾಚಿ ಜನಕ್ಕೆ ಅಡ್ಡ ನಿಂತಿದ್ದ.

“ಒಳಗೆ ಕಾಲಿಟ್ರೆ ಮುರಿದುಹಾಕ್ತೀನಿ! ಕೀನೂ ಬೇಡ, ನೀರೂ ಬೇಡ. ನಡೀರಿ!”

ಬಾಯಿ ತಡವಿಕೊಂಡಳು. ಹಲ್ಲುಗಳು ಇದ್ದ ಹಾಗೇ ಇದ್ದವು.

“ಏನೇನಾಯ್ತು? ಒಂದೂ ಬಿಡದೆ ಹೇಳಿ,” ಎಂದಳು.

“ಬಿದ್ರಿ. ಪಕ್ಕಕ್ಕೆ ತಿರುಗಿಸಿದೆ. ಅದುರೋದು ನಿಲ್ಲೋ ತನಕ ಗಡಿಯಾರ ನೋಡ್ತಾ ಕೂತೆ.” ಅವನು ಅವಳ ಕಡೆ ಬಾಗಿದ. “ಬೀಳೋ ಮುಂಚೆ ನೀವು ಒಂದು ಮಾತು ಕೇಳಿದ್ರಿ.”

“ಏನಂತ?”

“ನನ್ನ ಮದುವೆ ಆಗ್ತೀರಾ ಅಂತ.”

“ಸುಳ್ಳು!”

“ಸುಳ್ಳಲ್ಲ ಪುಟ್ಟಿ,” ಎಂದ ಅಣ್ಣ, ಬಾಗಿಲಿನಿಂದ ಕದಲದೆ. “ನನ್ನ ಎದುರಿಗೇ ಕೇಳಿದೆ. ಆಣೆಗೂ ನಿಜ.”

ಅವಳು ಇಬ್ಬರನ್ನೂ ದಿಟ್ಟಿಸಿದಳು. ಆ ಮಾತು ಅವಳಿಗೆ ನೆನಪಿರಲಿಲ್ಲ. ಆದರೆ ಆ ಆಸೆ ತನ್ನದೇ ಎಂದು ಗೊತ್ತಿತ್ತು.

“ಅದಕ್ಕೆ ನೀವೇನಂದ್ರಿ?”

“ಹೂಂ ಅನ್ನೋಕೆ ಬಾಯಿ ತೆರೆದೆ, ಅಷ್ಟರಲ್ಲಿ ಬಿದ್ರಿ.”

“ಈಗ ಅನ್ನಿ.”

“ಹೂಂ.”

ಅವಳು ಅವನ ಕೈ ಹಿಡಿದು ಕೆನ್ನೆಯಡಿ ಇಟ್ಟುಕೊಂಡಳು.

“ಎಷ್ಟು ಹೊತ್ತು ಕಾಯಿಸಿದೆ ನಿಮ್ಮನ್ನ?”

“ಒಂದು ನಿಮಿಷ ಐವತ್ತೆರಡು ಸೆಕೆಂಡ್.”